ಬಾಲ ನನ್ನ ಕಡೆ, ಮೂತಿ ಅವನ ಕಡೆ

ಮಾರ್ಚ್ ೪, ಸೋಮವಾರ

ಹೆಂಡತಿ ಇವತ್ತು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ತಟ್ಟೆಯ ಮುಂದೆ ಕೂತಾಗಲೆಲ್ಲ ನನ್ನ ತಮ್ಮನ ಪುರಾಣ ಕೇಳಿ ಕೇಳಿ ಅವಳಿಗೆ ಸಾಕಾಗಿದೆಯಂತೆ, ಬೈಯುವುದಿದ್ದರೆ ಬರೆದುಕೊಳ್ಳಬೇಕಂತೆ. ಬಣ್ಣದ ಕಂಪನಿಯವರು ಕೊಟ್ಟ ಡೈರಿಯೊಂದು ಬೀರುವಿನ ಮೇಲೆ ಧೂಳು ಹಿಡಿದು ಬಿದ್ದಿತ್ತು, ತಂದು ಮುಂದೆ ಇಟ್ಟಳು. ಸರಿ, ಬರೆಯುತ್ತೇನೆ. ಈ ಡೈರಿಯ ಗೆರೆಗಳನ್ನು ಕಾಣದಷ್ಟು ಮಸುಕಾಗಿ ಅಚ್ಚು ಹಾಕಿದ್ದಾರೆ. ಪುಕ್ಕಟೆ ಕೊಡುವುದೆಲ್ಲ ಹೀಗೇ.

ಮೊದಲ ಮಾತು: ನನ್ನ ತಮ್ಮ ಅಯೋಗ್ಯ.

ನಮ್ಮದು ಕಾರುಗಳಿಗೆ ಅಲಂಕಾರ ಮಾಡುವ ಶೆಡ್ಡು. ಬಂಪರ್, ಬಾಗಿಲ ಕೆಳಗಿನ ಸೈಡ್ ಸ್ಕರ್ಟ್, ಡಿಕ್ಕಿಯ ಮೇಲಿನ ಸ್ಪಾಯ್ಲರ್, ಏನೇ ತಂದರೂ ನಾನು ಕೂರಿಸುತ್ತೇನೆ, ಅವನು ಬಣ್ಣ ಹೊಡೆಯುತ್ತಾನೆ. ಇಷ್ಟು ವರ್ಷ ಹೀಗೇ ನಡೆದಿತ್ತು. ಹೋದ ತಿಂಗಳು ಒಬ್ಬ ಗಿರಾಕಿಯ ಎದುರಿಗೆ, ನಾನು ಡ್ರಿಲ್ ಕೈಗೆತ್ತಿಕೊಂಡಾಗ, ಈ ಮಹಾನುಭಾವ ಬಾಯಿ ಬಿಟ್ಟ. "ಅಣ್ಣಂಗೆ ಈಗೀಗ ಕಣ್ಣು ಅಷ್ಟಾಗಿ ಕಾಣ್ಸಲ್ಲ. ಗುರುತು ನಾನೇ ಹಾಕ್ತೀನಿ ಬಿಡಿ" ಎಂದ. ಗಿರಾಕಿ ನನ್ನನ್ನು ನೋಡಿದ. ಕಾಲು ಮುರಿದ ಕುದುರೆಯನ್ನು ನೋಡುತ್ತಾರಲ್ಲ, ಹಾಗೆ. ಆ ನೋಟವನ್ನು ಸಾಯುವವರೆಗೂ ಮರೆಯುವುದಿಲ್ಲ.

ಅವತ್ತಿನಿಂದ ಮಾತು ಬಿಟ್ಟಿದ್ದೇನೆ. ಶೆಡ್ಡನ್ನು ಎರಡು ಪಾಲು ಮಾಡಿ ನಡುವೆ ಗೋಡೆ ಎಬ್ಬಿಸುವುದೆಂದು ತೀರ್ಮಾನವಾಗಿದೆ. ತೀರ್ಮಾನ ಮಾಡಿದವನು ನಾನು. ಅವನು ಬೇಡ ಅನ್ನಲಿಲ್ಲ, ನನಗೆ ಹೆಚ್ಚು ಮೈ ಉರಿದದ್ದು ಅದಕ್ಕೇ. ಗೋಡೆ ಬರುವ ಜಾಗದಲ್ಲಿ ನೆಲಕ್ಕೆ ಕಾಗದದ ಟೇಪ್ ಅಂಟಿಸಿ ಗೆರೆ ಎಳೆದಿದ್ದೇನೆ. ಕಂಪ್ರೆಸರ್ ನನ್ನ ಕಡೆ, ಬಣ್ಣದ ಕೋಣೆ ಅವನ ಕಡೆ. ಜಗಳಕ್ಕೆ ಮುಂಚೆ ಒಪ್ಪಿಕೊಂಡ ಕಾರು ಒಂದೇ ಒಂದು ಬಾಕಿ ಇದೆ. ಅದು ಹೊರಗೆ ಹೋದ ಮರುದಿನವೇ ಗಾರೆಯವನು ಬರುತ್ತಾನೆ. ಬೇಗ ಮುಗಿದರೆ ನನಗೂ ನೆಮ್ಮದಿ.

ಮಾರ್ಚ್ ೫, ಮಂಗಳವಾರ

ಕಾರು ಬಂತು. ನೆಲಕ್ಕೆ ಅಂಟಿಕೊಂಡಂಥ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಹೊಳಪಿನ ನೀಲಿ. ಒಡತಿ ಹಲ್ಲಿನ ಡಾಕ್ಟರ್. ಕೂದಲು ಗಿಡ್ಡ, ಮಾತು ಅದಕ್ಕಿಂತ ಗಿಡ್ಡ. ಕಾರನ್ನು ಒಳಗೆ ತಂದು ಸರಿಯಾಗಿ ನನ್ನ ಗೆರೆಯ ಮೇಲೆ ಅಡ್ಡಕ್ಕೆ ನಿಲ್ಲಿಸಿದರು. ಬಾಲ ನನ್ನ ಕಡೆ, ಮೂತಿ ಅವನ ಕಡೆ. ಸ್ವಲ್ಪ ಹಿಂದಕ್ಕೆ ತೆಗೆಯಿರಿ ಎನ್ನೋಣವೆಂದರೆ ಕಾರಣ ಹೇಳಬೇಕಾಗುತ್ತದೆ. ಅಲ್ಲೇ ಇರಲಿ ಎಂದು ಬಿಟ್ಟೆ.

ಹಿಂದಿನಿಂದ ನೋಡಿದವರಿಗೆ ಇದು ಯಾರ ಕಾರು ಅಂತ ಗೊತ್ತಾಗಬೇಕು, ಯಾವ ಸ್ಪಾಯ್ಲರ್ ಹಾಕೋಣ ಎಂದು ಡಾಕ್ಟರ್ ಕೇಳಿದರು. ಡಿಕ್ಕಿಯ ತುದಿಗೆ ಬೆರಳಷ್ಟು ಎತ್ತರದ ತೆಳು ಅಂಚು ಕೂರಿಸಿದರೆ ಸಾಕು, ಅದಕ್ಕೆ ಲಿಪ್ ಅನ್ನುತ್ತೇವೆ, ಕಾರಿನ ಗೆರೆ ಕೆಡುವುದಿಲ್ಲ ಎಂದು ನಾನು ಹೇಳಿದೆ. ಅದೇ ಹೊತ್ತಿಗೆ ಅವನು ಎರಡು ಕಾಲಿನ ಮೇಲೆ ನಿಲ್ಲುವ ಎತ್ತರದ ವಿಂಗ್ ಹಾಕಿ ಎಂದ. ಇಬ್ಬರೂ ಡಾಕ್ಟರ ಮುಖ ನೋಡಿಕೊಂಡೇ ವಾದಿಸಿದೆವು. ಅವರು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಸುಸ್ತಾಗಿ, ಶನಿವಾರ ಬರುತ್ತೇನೆ, ಅಷ್ಟರಲ್ಲಿ ಒಂದು ಮಾತಿಗೆ ಬನ್ನಿ ಎಂದು ಹೋದರು.

ಒಂದು ಮಾತಿಗೆ ಬರಬೇಕಂತೆ. ನಮ್ಮಿಬ್ಬರ ನಡುವೆ ಒಂದೂ ಮಾತಿಲ್ಲ.

ಮಾರ್ಚ್ ೭, ಗುರುವಾರ

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಎಲ್ಲಿ ಗೀರಿದೆ, ಎಲ್ಲಿ ತಗ್ಗಿದೆ ಎಂದು ಟೇಪಿನ ತುಂಡಿನ ಮೇಲೆ ಬರೆದು ಕಾರಿನ ಮೈಗೇ ಅಂಟಿಸುತ್ತೇವೆ, ಮುಂದಿನ ಕೆಲಸದವನು ನೋಡಿಕೊಳ್ಳಲಿ ಎಂದು. ಮಾತು ಬಿಟ್ಟ ಮೇಲೆ ನಮ್ಮ ಸಂಸಾರವೆಲ್ಲ ಅದರಲ್ಲೇ ನಡೆಯುತ್ತಿದೆ. ಬೆಳಗ್ಗೆ ಬಂದರೆ ಡಿಕ್ಕಿಯ ಮೇಲೆ ಅವನ ಟೇಪು: "ಲಿಪ್ ಹಾಕಿದರೆ ಹಾಕಿದ್ದೇ ಯಾರಿಗೂ ಕಾಣಲ್ಲ." ಕಾಣುವ ವಿಷಯ ಎತ್ತುವುದು ನೋಡಿ, ಎಲ್ಲೂ ಬಿಡುವುದಿಲ್ಲ. ನಾನು ಕೆಳಗೆ ಅಂಟಿಸಿದೆ: "ಇದು ಕಾರು, ಬಟ್ಟೆ ಒಣಹಾಕುವ ಕಂಬ ಅಲ್ಲ." ಮಧ್ಯಾಹ್ನಕ್ಕೆ ಇನ್ನೊಂದು: "ಬಟ್ಟೆ ಬೇಡ, ಗಾಳಿ ಸಾಕು. ವೇಗ ಹೋಗುವಾಗ ಹಿಂದಿನ ಚಕ್ರ ನೆಲಕ್ಕೆ ಒತ್ತಬೇಕು." ಡಾಕ್ಟರ್ ಮನೆಯಿಂದ ಕ್ಲಿನಿಕ್ಕಿಗೆ ಹೋಗುತ್ತಾರೆ, ಆ ರಸ್ತೆಯಲ್ಲಿ ಎಮ್ಮೆಯೂ ಕಾರನ್ನು ಹಿಂದೆ ಹಾಕುತ್ತದೆ, ಎಂಥ ವೇಗ ಎಂದು ಬರೆದೆ. ಸಂಜೆಯ ಹೊತ್ತಿಗೆ ಡಿಕ್ಕಿ ನೋಟೀಸ್ ಬೋರ್ಡಾಗಿತ್ತು.

ಹೆಂಗಸರಿಗೆ ಮಾತ್ರ ಯಾವ ಗೆರೆಯೂ ಇಲ್ಲ. ನನ್ನ ಹೆಂಡತಿ ಮತ್ತು ಅವನ ಹೆಂಡತಿ ಊಟವನ್ನು ಈಗಲೂ ಒಂದೇ ಕ್ಯಾರಿಯರಿನಲ್ಲಿ ಕಳಿಸುತ್ತಾರೆ. ಬೇರೆ ಮಾಡಿ ಎಂದರೆ ವಾರಗಿತ್ತಿಯರಿಬ್ಬರೂ ಒಟ್ಟಿಗೆ ನಕ್ಕರು. ಹಾಗಾಗಿ ಅವನು ಮೊದಲು ತಿನ್ನುತ್ತಾನೆ, ನಾನು ಆಮೇಲೆ. ನನಗೆ ಪ್ರಾಣವಾದ ಬದನೆಕಾಯಿ ಪಲ್ಯವನ್ನು ಇವತ್ತು ಅವನು ಮುಟ್ಟಿಯೇ ಇರಲಿಲ್ಲ, ಅಷ್ಟೂ ನನಗೇ ಉಳಿದಿತ್ತು. ಹೊಟ್ಟೆ ಕೆಟ್ಟಿರಬೇಕು. ಕೆಡಲಿ.

ಬಣ್ಣದ ಕೋಣೆಯಿಂದ ಅವನ ಕೆಮ್ಮು ಕೇಳುತ್ತದೆ. ಮುಖಕ್ಕೆ ಕಟ್ಟುವ ಮಾಸ್ಕಿನ ಫಿಲ್ಟರ್ ಬದಲಾಯಿಸಿ ಯಾವ ಕಾಲವಾಯಿತೋ. ನನ್ನ ಕಪಾಟಿನಲ್ಲಿ ಹೊಸದೊಂದು ಬಿದ್ದಿತ್ತು. ಸುಮ್ಮನೆ ಜಾಗ ಹಿಡಿದಿದೆ ಎಂದು ಗೆರೆಯಾಚೆ ಎಸೆದೆ.

ಮಾರ್ಚ್ ೯, ಶನಿವಾರ

ಸೋತೆ. ಹಾಗೆಂದು ಒಪ್ಪಿಕೊಳ್ಳುವುದು ಇಲ್ಲಿ ಮಾತ್ರ.

ಡಾಕ್ಟರು ನೋಡಲೆಂದು ರಟ್ಟಿನಲ್ಲಿ ಲಿಪ್ ಮಾಡಿ ಅಂಟಿಸಿದ್ದೆ. ಅವನೂ ರಟ್ಟಿನ ವಿಂಗ್ ಮಾಡಿದ್ದ, ಪೊರಕೆಯ ಕಡ್ಡಿಗಳ ಕಾಲು ಕೊಟ್ಟು. ಡಾಕ್ಟರ್ ಹಿಂದೆ ನಿಂತರು, ಕೂತು ನೋಡಿದರು, ರಸ್ತೆಯ ಆಚೆ ಹೋಗಿ ನೋಡಿ ಬಂದರು. ನನ್ನ ಲಿಪ್ ನೋಡಿದರೆ ಹಲ್ಲು ಕೀಳುವ ಮುಂಚೆ ಮರಗಟ್ಟಿಸಿದ ತುಟಿ ನೆನಪಾಗುತ್ತದಂತೆ. ದಿನವಿಡೀ ಅದನ್ನೇ ನೋಡುವವಳು ಸಂಜೆಯೂ ನೋಡಲಾರೆ ಎಂದರು. ವಿಂಗ್ ಹಾಕುವುದೆಂದಾಯಿತು. ಮುಂದಿನ ಬಂಪರಿನ ಕೆಳಗಿನ ಪಟ್ಟಿ ಮತ್ತು ಎರಡು ಸೈಡ್ ಸ್ಕರ್ಟು ನಾನು ಹೇಳಿದ್ದೇ ಇರಲಿ ಎಂದು ಸಮಾಧಾನ ಮಾಡಿದರು. ಅಳುವ ಮಗುವಿಗೆ ಕೊಡುವ ಹಾಗೆ.

ಟೇಪುಗಳನ್ನೆಲ್ಲ ಓದಿದ್ದಾರೆ ಆ ಹೆಂಗಸು. ಹೋಗುವಾಗ ತಾವೂ ಒಂದು ಅಂಟಿಸಿದ್ದರು: "ಇಬ್ಬರೂ ಸ್ವಲ್ಪ ಬಾಯಿ ತೆರೆಯಿರಿ." ಅವನು ಅದನ್ನು ಓದಿ ನಕ್ಕ. ನನಗೆ ನಗು ಬರಲಿಲ್ಲ. ಬಂದದ್ದು ಕೆಮ್ಮು.

ಮಾರ್ಚ್ ೧೨, ಮಂಗಳವಾರ

ವಿಂಗ್ ಬಂತು. ಅಸಹ್ಯವಾಗಿದೆ.

ಮಾರ್ಚ್ ೧೩, ಬುಧವಾರ

ಬಣ್ಣ ಹೊಡೆಯುವುದಕ್ಕೂ ಅವನದೊಂದು ನಾಟಕ. ಬೇರೆಯವರೆಲ್ಲ ವಿಂಗನ್ನು ಮೇಜಿನ ಮೇಲೆ ಮಲಗಿಸಿ ಹೊಡೆಯುತ್ತಾರೆ. ಇವನು ಸ್ಟ್ಯಾಂಡಿಗೆ ಸಿಗಿಸಿ, ಕಾರಿನ ಮೇಲೆ ಹೇಗೆ ನಿಲ್ಲುತ್ತದೋ ಅದೇ ವಾಟದಲ್ಲಿ ನಿಲ್ಲಿಸಿ ಹೊಡೆಯುತ್ತಾನೆ. ಮಲಗಿಸಿದರೆ ಬಣ್ಣದೊಳಗಿನ ಹೊಳಪಿನ ಪುಡಿ ಬೇರೆ ಥರ ಕೂರುತ್ತದಂತೆ, ಆಮೇಲೆ ಬಿಸಿಲಿಗೆ ವಿಂಗ್ ಒಂದು ನೀಲಿ, ಡಿಕ್ಕಿ ಒಂದು ನೀಲಿ ಕಾಣುತ್ತದಂತೆ. ಒಣಗಲೆಂದು ಹೊರಗೆ ತಂದ ಸ್ಟ್ಯಾಂಡಿನ ಒಂದು ಕಾಲು ಗೆರೆ ದಾಟಿ ನನ್ನ ಕಡೆ ಇತ್ತು. ಎತ್ತಿ ಇಡಬೇಕೆಂದು ಹೋದೆ. ಬಣ್ಣ ಇನ್ನೂ ಹಸಿ ಇತ್ತು, ಅಲ್ಲಾಡಿಸಿದರೆ ಧೂಳು ಕೂರುತ್ತದೆ. ಬಿಟ್ಟೆ. ನನ್ನ ಕಡೆಯ ಫ್ಯಾನನ್ನೂ ಆರಿಸಿದೆ, ಧೂಳು ಏಳದಿರಲಿ ಎಂದು. ಕೆಲಸ ಕೆಟ್ಟರೆ ನನ್ನ ಹೆಸರೂ ಕೆಡುತ್ತದೆ, ಅದಕ್ಕೆ.

ಬಣ್ಣ ಮಾತ್ರ ಚೆನ್ನಾಗಿ ಬಂದಿದೆ. ಅದು ಬಣ್ಣದ ಕಂಪನಿಯ ಗುಣ.

ಮಾರ್ಚ್ ೧೫, ಶುಕ್ರವಾರ

ಬರೆಯಲು ಮನಸ್ಸಿಲ್ಲ, ಆದರೆ ಇನ್ನೆಲ್ಲಿ ಹೇಳಲಿ.

ವಿಂಗಿನ ಕಾಲುಗಳಿಗೆ ಡಿಕ್ಕಿಯಲ್ಲಿ ತೂತು ಹಾಕಬೇಕಿತ್ತು. ಅದಕ್ಕೆ ಮೊದಲು ನಡುಮಧ್ಯ ಹುಡುಕಬೇಕು. ಹಿಂದಿನ ಎರಡು ದೀಪಗಳ ಒಳ ಅಂಚಿನಿಂದ ಅಳೆದು ನಡುವೆ ಗುರುತು ಹಾಕುವುದು ನನ್ನ ಕ್ರಮ, ಯಾವತ್ತೂ ತಪ್ಪಿಲ್ಲ. ಇವತ್ತು ಬಲಗಡೆಯ ದೀಪದ ಪಕ್ಕ ಅವನ ಟೇಪು ಅಂಟಿತ್ತು. ಇರುವೆ ಅಕ್ಷರ. ಡ್ರಿಲ್ ಹಿಡಿಯುವ ದಿನ ಇನ್ನೇನು ಬರೆದಿರುತ್ತಾನೆ, ನನ್ನ ಕಣ್ಣಿನ ಬಗ್ಗೆ ಉಪದೇಶವೇ ಇರುತ್ತದೆ. ಓದಲಿಲ್ಲ. ಕಿತ್ತು ಉಂಡೆ ಮಾಡಿ ಬಿಸಾಡಿದೆ.

ವಿಂಗಿನ ಎಡಗಡೆಯ ಕಾಲಿಗೆ ಎರಡು ತೂತು ಹಾಕಿ ಅದನ್ನು ಎತ್ತಿಟ್ಟು ನೋಡಿದರೆ ಅದರ ಒಂದು ತುದಿ ಪಕ್ಕದ ತಗಡಿಗಿಂತ ಆಚೆ ಚಾಚಿದೆ, ಇನ್ನೊಂದು ತುದಿ ಒಳಗೇ ನಿಂತಿದೆ. ಟೋಪಿಯನ್ನು ಒಂದು ಕಡೆ ವಾರೆಯಾಗಿ ಹಾಕಿದ ಹಾಗೆ. ಮತ್ತೆ ಅಳೆದೆ. ಮತ್ತೆ ಅದೇ. ಡಾಕ್ಟರ ಕಾರಿನ ಡಿಕ್ಕಿಯಲ್ಲಿ ಬೇಡದ ಎರಡು ತೂತು.

ಅವನು ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ಡ್ರಿಲ್ಲನ್ನೇ ಎಸೆಯುತ್ತಿದ್ದೆ.

ಮನೆಗೆ ಬಂದು ಚಪ್ಪಲಿ ಬಿಡುವಾಗ ಹೆಂಡತಿ ಕೇಳಿದಳು, "ರೀ, ಏನೋ ಅಂಟಿಸ್ಕೊಂಡು ಬಂದಿದ್ದೀರಲ್ಲ." ಚಪ್ಪಲಿಯ ಅಡಿಗೆ ಆ ಟೇಪಿನ ಉಂಡೆ. ಅವಳೇ ಬಿಡಿಸಿ ಓದಿದಳು: "ಅಣ್ಣಾ, ಬಲಗಡೆ ದೀಪ ಕಂಪನೀದಲ್ಲ, ಹೊರಗಿನ ಮಾಲು, ಅಗಲ ಜಾಸ್ತಿ. ಅಲ್ಲಿಂದ ಅಳೀಬೇಡ." ಓದಿ ನನ್ನ ಮುಖ ನೋಡಿದಳು. ಒಳಗೆ ಹೋಗೇ ಎಂದೆ.

ಅಣ್ಣಾ ಅಂತ ಬರೆಯುವ ಅಗತ್ಯವಿರಲಿಲ್ಲ.

ಮಾರ್ಚ್ ೧೬, ಶನಿವಾರ

ಇವತ್ತಿನಷ್ಟು ಕೋಪ ಯಾವತ್ತೂ ಬಂದಿಲ್ಲ.

ನಾನು ಹೋಗುವಷ್ಟರಲ್ಲಿ ಅವನು ಡಿಕ್ಕಿಯ ಮುಚ್ಚಳವನ್ನು ಬಿಚ್ಚಿ ತನ್ನ ಕಡೆಗೆ ಒಯ್ದು, ತೂತುಗಳಿಗೆ ಬೆಸುಗೆ ಹಾಕಿ, ಉಜ್ಜಿ, ಪುಟ್ಟಿ ತುಂಬುತ್ತಿದ್ದ. ಕೇಳಿದವರಾರು? ಅಷ್ಟರಲ್ಲಿ ಡಾಕ್ಟರ್ ಬಂದರು, ಹೇಳದೆ ಕೇಳದೆ. ಡಿಕ್ಕಿ ಯಾಕೆ ಹೀಗಾಗಿದೆ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಗೆರೆ ದಾಟಿ ಬಂದು ನನ್ನ ಮುಂದೆ ನಿಂತ.

"ಗುರುತು ತಪ್ಪಾಯ್ತು ಡಾಕ್ಟ್ರೇ. ನಂದೇ ತಪ್ಪು. ಪೂರ್ತಿ ಮುಚ್ಚಿ ಹೊಸದಾಗಿ ಬಣ್ಣ ಹೊಡ್ದು ಕೊಡ್ತೀನಿ, ಗೊತ್ತೇ ಆಗಲ್ಲ."

ತ್ಯಾಗಮೂರ್ತಿ! ಡಾಕ್ಟರ್ ಅವನನ್ನು ನೋಡಿದರು. ಆ ನೋಟ ನನಗೆ ಗೊತ್ತು. ಹೋದ ತಿಂಗಳು ಗಿರಾಕಿ ನನ್ನನ್ನು ನೋಡಿದ ನೋಟವೇ ಅದು, ಇವತ್ತು ಅವನ ಪಾಲಿಗೆ ಬಂತು. ನನಗೆ ಹಬ್ಬವಾಗಬೇಕಿತ್ತು. ಆದರೆ ನೋಡಲಾಗದೆ ಮುಖ ತಿರುಗಿಸಿದೆ. ಕೋಪವೇ ಇರಬೇಕು. ನನ್ನ ತಪ್ಪನ್ನು ನನ್ನಿಂದಲೂ ಕಿತ್ತುಕೊಂಡು ದೊಡ್ಡವನಾಗುವುದೆಂದರೆ ಏನು? ಅವನಿಗೆ ಅಂಥ ಹಕ್ಕು ಯಾರು ಕೊಟ್ಟರು?

ಊಟದ ಕ್ಯಾರಿಯರನ್ನು ನಾನು ಮುಟ್ಟಲಿಲ್ಲ. ಅವನೂ ಮುಟ್ಟಲಿಲ್ಲ. ಹಾಗೇ ಮನೆಗೆ ಹೋಯಿತು. ಇಬ್ಬರು ಹೆಂಗಸರೂ ಸೇರಿ ನಮಗೆ ಮಂಗಳಾರತಿ ಎತ್ತಿದರು.

ಮಾರ್ಚ್ ೧೯, ಮಂಗಳವಾರ

ಕನ್ನಡಕ ತಂದೆ. ಪೇಪರ್ ಓದುವುದಕ್ಕೆ. ಈಗಿನ ಪೇಪರುಗಳ ಅಚ್ಚು ಸರಿ ಇರುವುದಿಲ್ಲ. ಕನ್ನಡಕದ ಅಂಗಡಿಯವನು ಗೋಡೆಯ ಮೇಲಿನ ಅಕ್ಷರ ಓದಿಸಿ, ಇಷ್ಟು ದಿನ ಹೇಗೆ ಕೆಲಸ ಮಾಡಿದಿರಿ ಎಂದು ಕೇಳಿದ. ನಿನ್ನ ಕೆಲಸ ನೀನು ನೋಡಿಕೋ ಎಂದೆ.

ಮನೆಯಲ್ಲಿಟ್ಟರೆ ಯಾರಾದರೂ ಮೇಲೆ ಕೂತು ಒಡೆದಾರು ಎಂದು ಶೆಡ್ಡಿನ ಸಾಮಾನಿನ ಪೆಟ್ಟಿಗೆಯಲ್ಲೇ ಇಡುವುದೆಂದು ಮಾಡಿದ್ದೇನೆ.

ಈ ಡೈರಿಯಲ್ಲಿ ಇಲ್ಲಿಂದ ಮುಂದಿನ ಪುಟಗಳ ಗೆರೆಗಳನ್ನು ಚೆನ್ನಾಗಿ ಅಚ್ಚು ಹಾಕಿದ್ದಾರೆ.

ಮಾರ್ಚ್ ೨೧, ಗುರುವಾರ

ವಿಂಗ್ ಕೂರಿಸಿದ್ದಾಯಿತು. ಹೇಗೆಂದು ಬರೆದಿಡುತ್ತೇನೆ, ಯಾಕೆಂದರೆ ನಡುವೆ ಆದದ್ದಕ್ಕೆ ತಪ್ಪು ನನ್ನದಲ್ಲ.

ಹೊಸ ಗುರುತುಗಳನ್ನು ದೀಪ ಬಿಟ್ಟು ಹಿಂದಿನ ಗಾಜಿನ ಎರಡು ಮೂಲೆಗಳಿಂದ ಅಳೆದು ಹಾಕಿದೆ. ತೂತು ಸರಿಯಾಗಿ ಬಂತು. ಕಷ್ಟವಿರುವುದು ಆಮೇಲೆ. ಮುಚ್ಚಳ ತೆರೆದಿಟ್ಟು ಬೋಲ್ಟು ಬಿಗಿದರೆ, ಮುಚ್ಚಿದಾಗ ವಿಂಗ್ ಒಂದು ಕೂದಲಷ್ಟು ಸರಿದಿರುತ್ತದೆ. ಅದಕ್ಕೇ ನಮ್ಮ ಶೆಡ್ಡಿನಲ್ಲಿ ಡಿಕ್ಕಿ ಮುಚ್ಚಿಯೇ ಬಿಗಿಯುವುದು. ಒಬ್ಬ ಹೊರಗೆ ನಿಂತು ಬೋಲ್ಟು ತಿರುಗಿಸುತ್ತಾನೆ, ಇನ್ನೊಬ್ಬ ಹಿಂದಿನ ಸೀಟು ಮಡಚಿ ಡಿಕ್ಕಿಯೊಳಗೆ ತೂರಿಕೊಂಡು ಕೆಳಗಿನಿಂದ ನಟ್ಟು ಹಿಡಿಯುತ್ತಾನೆ. ಬೇರೆ ಯಾವ ಶೆಡ್ಡಿನವರೂ ಈ ಕಷ್ಟ ಪಡುವುದಿಲ್ಲ. ತೂರಿಕೊಳ್ಳುವವನು ಯಾವತ್ತೂ ಅವನೇ. ನಾನು ಸುಮ್ಮನೆ ಸೀಟು ಮಡಚಿ ಇಟ್ಟೆ. ಅವನು ಸುಮ್ಮನೆ ಬಂದು ತೂರಿಕೊಂಡ. ಈಗ ಹೊಟ್ಟೆ ಬಂದಿದೆ, ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ಮುಚ್ಚಳ ಹಾಕಿದೆ. ಆಗ ಹೊಳೆಯಿತು, ಕತ್ತಲಲ್ಲಿ ಮಲಗಿರುವವನಿಗೆ ಟೇಪಿನ ಮೇಲೆ ಬರೆದು ತೋರಿಸುವುದು ಹೇಗೆ? ಬೆರಳಿನಿಂದ ತಗಡಿಗೆ ಒಂದು ಸಲ ಬಡಿದೆ, ಹಿಡಿ ಎಂಬ ಅರ್ಥದಲ್ಲಿ. ಅವನು ಒಳಗಿನಿಂದ ಎರಡು ಸಲ ಬಡಿದ. ನಾನು ಬಿಗಿದೆ. ನಟ್ಟು ಕಳಚಿ ಒಳಗೆಲ್ಲೋ ಉರುಳಿತು. ಅವನು ಹುಡುಕುವುದು, ಗೊಣಗುವುದು, ಕೆಮ್ಮುವುದು ಎಲ್ಲ ಕೇಳಿಸಿತು. ಕೆಮ್ಮು ನಿಲ್ಲಲೇ ಇಲ್ಲ. ಮುಚ್ಚಳ ತೆರೆದುಬಿಡೋಣವೆಂದು ಕೈ ಇಟ್ಟೆ.

"ತೆಗೀಬೇಡ" ಎಂದಿತು ಒಳಗಿನ ದನಿ. "ಸಿಕ್ತು."

ಕೆಲಸ ನಿಂತಿತ್ತು. ಕೆಲಸಕ್ಕಾಗಿ ಕೇಳಿದೆ.

"ಹಿಡ್ದಿದ್ದೀಯಾ?"

"ಹಿಡ್ದಿದ್ದೀನಿ. ಕನ್ನಡಕ ಹಾಕ್ಕೊಂಡಿದ್ದೀಯಾ?"

ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಯಾವಾಗ ನೋಡಿದನೋ ಕಳ್ಳ. ನನ್ನ ಬಾಯಿಗೆ ಬಂದದ್ದು ಬೈಗುಳ. ಹೊರಗೆ ಬಿದ್ದದ್ದು ಬೇರೆ.

"ಹಾಕ್ಕೊಂಡಿದ್ದೀನಿ."

"ಹಂಗಾದ್ರೆ ಬಿಗಿ."

ಬಿಗಿದೆ. ನಾಲ್ಕೂ ಬೋಲ್ಟು ಬಿಗಿಯುವವರೆಗೆ ನಾನು ಹಿಡಿ ಎನ್ನುವುದು, ಅವನು ಬಿಗಿ ಎನ್ನುವುದು, ಇಷ್ಟೇ. ಇದನ್ನು ಮಾತು ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರಗೆ ಬಂದಾಗ ಬೆವರಿ ಒದ್ದೆಯಾಗಿದ್ದ. ನನ್ನ ಕಡೆಯ ಫ್ಯಾನು ಅವನ ಕಡೆ ತಿರುಗಿತ್ತು, ಅದರ ಕತ್ತು ಸಡಿಲ.

ಮಾರ್ಚ್ ೨೩, ಶನಿವಾರ

ಡಾಕ್ಟರ್ ಬಂದು ಕಾರಿಗೆ ಒಂದು ಸುತ್ತು ಹಾಕಿದರು. ಬಿಸಿಲಿಗೆ ನಿಲ್ಲಿಸಿದ್ದೆವು. ವಿಂಗಿನ ನೀಲಿ ಡಿಕ್ಕಿಯ ನೀಲಿ ಒಂದೇ, ಎಲ್ಲಿ ತೂತಿತ್ತು ಎಂದು ನನಗೂ ಹುಡುಕಲಾಗಲಿಲ್ಲ, ಕನ್ನಡಕ ಹಾಕಿಕೊಂಡು ಹುಡುಕಿದರೂ. ಹಿಂದಿನಿಂದ ನೋಡಿದರೆ ವಿಂಗ್ ಅಷ್ಟೇನೂ ಕೆಟ್ಟದಾಗಿಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ.

ಅವರು ಬಾಗಿಲು ತೆಗೆಯುವಾಗ ಹತ್ತಿರ ಹೋಗಿ ಹೇಳಿದೆ, "ಆ ತೂತು ಹಾಕಿದ್ದು ನಾನು ಡಾಕ್ಟ್ರೇ. ಅವನಲ್ಲ." ಅವನ ಉಪಕಾರ ಹೊತ್ತುಕೊಂಡು ತಿರುಗುವ ಕರ್ಮ ನನಗೆ ಬೇಡ, ಅದಕ್ಕೆ ಹೇಳಿದ್ದು. ಡಾಕ್ಟರ್ ನಕ್ಕು, ಅವತ್ತೇ ಗೊತ್ತಾಗಿತ್ತು ಎಂದರು. ತಪ್ಪು ಮಾಡಿದವರು ಯಾವಾಗಲೂ ಬಾಯಿ ಮುಚ್ಚಿಕೊಂಡಿರುತ್ತಾರಂತೆ, ಹಲ್ಲು ಉಜ್ಜದವರ ಹಾಗೆ.

ಕಾರು ಹೋಯಿತು. ಗೆರೆಯ ಮೇಲೆ ಏನೂ ಇಲ್ಲ. ಶೆಡ್ಡು ತುಂಬಾ ದೊಡ್ಡದಾಗಿ ಕಂಡಿತು. ಎಷ್ಟು ಜಾಗ ದಂಡ ಮಾಡಿದ್ದೇವೆ.

ಮಾರ್ಚ್ ೨೪, ಭಾನುವಾರ

ಏನೂ ಇಲ್ಲ. ಗಾರೆಯವನಿಗೆ ಭಾನುವಾರ ರಜವಂತೆ. ನಾಳೆ ಗೋಡೆ.

ಮಾರ್ಚ್ ೨೫, ಸೋಮವಾರ

ಗಾರೆಯವನು ಇಟ್ಟಿಗೆ ಇಳಿಸಿಕೊಂಡು ಗೆರೆಯ ಮೇಲೆ ದಾರ ಕಟ್ಟಿದ. ದಾರದ ಆ ತುದಿಯಲ್ಲಿ ತಮ್ಮ ನಿಂತಿದ್ದ, ಈ ತುದಿಯಲ್ಲಿ ನಾನು. ಕಂಪ್ರೆಸರ್ ಇರುವುದು ಒಂದೇ, ಗಾಳಿಯ ಪೈಪು ಅವನ ಕಡೆ ಹಾಯಲೇಬೇಕು, ಅದಕ್ಕೆ ಜಾಗ ಬಿಡು ಎಂದೆ. ಎರಡು ಇಟ್ಟಿಗೆ ಬಿಟ್ಟರೆ ಸಾಕು ಎಂದ ಗಾರೆಯವನು. ಬರೀ ಪೈಪಲ್ಲ, ಬಣ್ಣ ಹೊಡೆದ ವಿಂಗೂ ಹಾಯಬೇಕು ಎಂದೆ.

"ಉದ್ದುದ್ದಕ್ಕೆ ತಗೊಂಡು ಹೋದ್ರೆ ಕಿಟಕೀಲೂ ಹೋಗುತ್ತಲ್ಲ ಯಜಮಾನ್ರೇ."

"ಅಡ್ಡಕ್ಕೇ ಹೋಗ್ಬೇಕು. ಹಸಿ ಬಣ್ಣ. ಎರಡು ತುದೀನೂ ಇಬ್ರು ಹಿಡ್ಕೋಬೇಕು."

ಗಾರೆಯವನು ಅಳೆದ. ವಿಂಗಿನ ಉದ್ದ, ಈ ಕಡೆ ಒಬ್ಬ ನಿಲ್ಲುವ ಜಾಗ, ಆ ಕಡೆ ಒಬ್ಬ ನಿಲ್ಲುವ ಜಾಗ. ಅಳತೆ ಪಟ್ಟಿಯ ಇನ್ನೊಂದು ತುದಿಯನ್ನು ತಮ್ಮ ಹಿಡಿದಿದ್ದ, ಯಾರೂ ಹೇಳಿರಲಿಲ್ಲ. ಅಷ್ಟನ್ನೂ ಕಳೆದ ಮೇಲೆ ಗಾರೆಯವನು ಇಟ್ಟಿಗೆಯ ರಾಶಿ ನೋಡಿ ತಲೆ ಕೆರೆದುಕೊಂಡ. ಇದು ಗೋಡೆ ಆಗುವುದಿಲ್ಲ, ಎರಡು ಕಡೆ ಎರಡು ಮೋಟುಗಂಬ ಆಗುತ್ತದೆ ಎಂದ. ಹೇಳಿದಷ್ಟು ಮಾಡು ಎಂದು ಗದರಿದೆ.

"ಅಣ್ಣಾ, ಇನ್ನೊಂದು ಅಂಗುಲ ಬಿಡ್ಸು" ಎಂದ ತಮ್ಮ ಆ ತುದಿಯಿಂದ.

ಅವನ ಮಾತು ಕೇಳಬೇಕಾದ ದರ್ದು ನನಗಿಲ್ಲ. ಒಂದು ಅಡಿ ಬಿಡಿಸಿದೆ.